ಮಾವನ ಕಾರಿನ ಹಿಂದಿನ ದೀಪ

ತಪಾಸಣೆಯವರು ಬರೆದುಕೊಟ್ಟ ಹಳದಿ ಚೀಟಿಯನ್ನು ನಮ್ಮಣ್ಣ ಫಿಲೆಮೋನಿ ಊಟದ ಚಾಪೆಯ ಮೇಲೆ ಬಿಸಾಡಿದ. ಅದು ಗಾಳಿಗೆ ತೇಲಿ ನನ್ನ ತೆಂಗಿನ ಹಾಲಿನ ಬಟ್ಟಲಿಗೆ ಬಿತ್ತು. ಎತ್ತಿ ಒರೆಸಿ ಓದಿದೆ. ಎಂಜಿನ್ ಶುರುವಾದೊಡನೆ ತಾವಾಗಿಯೇ ಹತ್ತಬೇಕಾದ ಮುಂದಿನ ಹಗಲು ದೀಪಗಳು, ಎರಡೂ ಇಲ್ಲ. ಹಿಂದಿನ ಕೆಂಪು ದೀಪಗಳು, ಅವೂ ಎರಡೂ ಇಲ್ಲ. ಮೂರು ವಾರದೊಳಗೆ ಸರಿಮಾಡಿಸಿ ತಂದರೆ ಟ್ಯಾಕ್ಸಿ ಪರವಾನಗಿ, ಇಲ್ಲದಿದ್ದರೆ ಇಲ್ಲ.

"ನೋಡಿದ್ಯೇನೆ? ದಿನಾ ಬೆಳಗ್ಗೆ ಪೈಪ್ ಹಿಡಿದು ನೀರು ಹೊಡೆದೂ ಹೊಡೆದೂ ಗಾಡೀನ ಹಾಳು ಮಾಡಿದ, ನಿನ್ನ ಮುದ್ದಿನ ಅಳಿಯ."

"ನನ್ನ ಅಳಿಯ ಹೇಗಾಗ್ತಾನೆ? ನಿನ್ನ ಮಗಳ ಗಂಡ," ಎಂದೆ.

"ಕಾರು ತೊಳಿ ಅಂದೋರು ನೀವೇ ಅಲ್ವಾ ಅಪ್ಪ?" ತಿರೇಸ ಅಡುಗೆಯ ಕೊಟ್ಟಿಗೆಯಿಂದಲೇ ಕೇಳಿದಳು.

"ತೊಳಿ ಅಂದೆ. ಮುಳುಗಿಸು ಅಂದ್ನಾ?"

ಅಳಿಯ ಪೊವಾಸ ಮಾವನ ತಟ್ಟೆಗೆ ನೊಣ ಕೂರದಂತೆ ಬೀಸಣಿಗೆ ಆಡಿಸುತ್ತ ನಿಂತಿದ್ದ. ಹೆಂಡತಿಯ ಮನೆ ಸೇರಿದ ಗಂಡು ನಮ್ಮ ದ್ವೀಪದಲ್ಲಿ ಎಲ್ಲರಿಗಿಂತ ಮೊದಲು ಏಳಬೇಕು, ಕಲ್ಲು ಕಾಯಿಸಿ ಒಲೆ ಹೂಡಬೇಕು, ಎಲ್ಲರೂ ಉಂಡೆದ್ದ ಮೇಲೆ ಉಣ್ಣಬೇಕು. ಕೂತರೆ ತಪ್ಪು, ನಿಂತರೆ ತಪ್ಪು. ಮದುವೆಯಾಗಿ ಒಂದೂವರೆ ವರ್ಷ, ಆ ಹುಡುಗ ಜೋರಾಗಿ ಸೀನಿದ್ದನ್ನೂ ನಾನು ಕೇಳಿಲ್ಲ.

ಹಾಗಂತ ಅವನೇನು ಬರಿಗೈಯವನಲ್ಲ. ಪಟ್ಟಣದ ಗ್ಯಾರೇಜಿನಲ್ಲಿ ಎರಡು ವರ್ಷ ವೈರಿಂಗ್ ಕೆಲಸ ಮಾಡಿದ್ದ. ಅಣ್ಣನ ಕಾರು ಟ್ಯಾಕ್ಸಿಯಾದರೆ ಓಡಿಸುವವನು ಅವನೇ ಎಂದು ಮಾತಾಗಿತ್ತು. ಆಗದಿದ್ದರೆ ಇನ್ನೊಂದು ದಾರಿ ತಯಾರಿತ್ತು: ಸಮುದ್ರದಾಚೆ ಹೋಗಿ ಏಳು ತಿಂಗಳು ಸೇಬು ಕೀಳುವ ಕೆಲಸ. ಊರ ಪಟ್ಟಿಯಲ್ಲಿ ಅವನ ಹೆಸರನ್ನು ಅಣ್ಣನೇ ಬರೆಸಿ ಬಂದಿದ್ದ. ತಿರೇಸಳಿಗೆ ಆಗ ನಾಲ್ಕು ತಿಂಗಳು. ಲೆಕ್ಕ ಹಾಕಿದರೆ ಹೆರಿಗೆಯ ಹೊತ್ತಿಗೆ ಗಂಡ ಯಾವುದೋ ಚಳಿ ದೇಶದ ಏಣಿಯ ಮೇಲೆ.

"ಮೂರು ವಾರ ಸಾಕು ಅತ್ತೆ," ಎಂದ ಪೊವಾಸ, ಆಮೇಲೆ ಅಡುಗೆಯ ಕೊಟ್ಟಿಗೆಯಲ್ಲಿ ತನ್ನ ಪಾಲಿನ ತಣ್ಣನೆಯ ಬಾಳೆಕಾಯಿ ತಿನ್ನುತ್ತ. "ದೀಪ ಅಂದ್ರೆ ಏನು ಮಹಾ, ನಾಲ್ಕು ವೈರು."

ಮೊದಲ ವಾರ ಅವನು ಬಲ್ಬುಗಳ ಬೆನ್ನು ಹತ್ತಿದ. ಸಂಜೆ ತೋಟದಿಂದ ಬಂದು ಕೈ ತೊಳೆದು, ಡಿಕ್ಕಿ ತೆರೆದು, ಒಂದೊಂದೇ ಬಲ್ಬು ಬಿಚ್ಚಿ ಮುಳುಗುವ ಸೂರ್ಯನಿಗೆ ಹಿಡಿದು ನೋಡುತ್ತಿದ್ದ. ಒಳಗಿನ ಎಳೆ ತುಂಡಾಗಿದೆಯೋ ಎಂದು. ನಮ್ಮ ಮನೆಗೆ ಗೋಡೆಯಿಲ್ಲ, ಹಾಗಾಗಿ ಚಾಪೆ ನೇಯುತ್ತ ಕೂತಲ್ಲಿಂದಲೇ ನನಗೆ ಎಲ್ಲ ಕಾಣುತ್ತಿತ್ತು. ಕಡಲ ಹಿನ್ನೀರು ಜೇನಿನ ಬಣ್ಣಕ್ಕೆ ತಿರುಗಿರುತ್ತಿತ್ತು, ದೂರದ ಬಂಡೆಸಾಲಿನ ಮೇಲೆ ಅಲೆ ಸದ್ದಿಲ್ಲದೆ ಬಿಳುಪಾಗಿ ಏಳುತ್ತಿತ್ತು, ಇವನು ಬೆರಳ ತುದಿಯಲ್ಲಿ ಗಾಜಿನ ಮೊಟ್ಟೆ ಹಿಡಿದು ಒಂದು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದ. ನೋಡುತ್ತ ನೋಡುತ್ತ ನನಗೆ ಹೆಣಿಗೆ ತಪ್ಪುತ್ತಿತ್ತು. ನಿಜ ಹೇಳುತ್ತೇನೆ, ಆ ಸಂಜೆಗಳಲ್ಲಿ ನನಗೆ ಆ ಹುಡುಗನ ಮೇಲೆ ತುಂಬ ಪ್ರೀತಿ ಬಂತು.

"ಮಾವ, ಸ್ವಲ್ಪ ಬ್ರೇಕ್ ಒತ್ತಿ."

ಡ್ರೈವರ್ ಸೀಟಿನಲ್ಲಿ ಕೂತ ಅಣ್ಣ ಒತ್ತಿದ. ಹಿಂದೆ ಎರಡೂ ಕಡೆ ಕೆಂಪಗೆ ಹತ್ತಿತು.

"ಬ್ರೇಕ್ ಲೈಟ್ ಸರಿಯಿದೆ. ಈಗ ದೀಪದ ಸ್ವಿಚ್ ಹಾಕಿ."

ಹಿಂದೆ ಕತ್ತಲೆ.

"ಹಾಕಿದೀರಾ ಮಾವ?"

"ಹಾಕಿದೀನೋ ಮಾರಾಯ! ಸ್ವಿಚ್ ಹಾಕೋದನ್ನೂ ನಿನ್ನ ಹತ್ರ ಕಲೀಬೇಕಾ ನಾನು?"

ಎರಡನೆಯ ವಾರ ಹೋಲ್ಡರುಗಳ ಸರದಿ. ಕಡಲ ಗಾಳಿಗೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಚಿನ್ನದಂತೆ ಮಾಡಿದ. ಡಿಕ್ಕಿಯೊಳಗೆ ತಂತಿಯನ್ನು ತಗಡಿಗೆ ಕೂಡಿಸುವ ಬೋಲ್ಟು ತುಕ್ಕು ಹಿಡಿದಿತ್ತು, ಅದನ್ನೂ ಬದಲಾಯಿಸಿದ. ಆಮೇಲೆ ಕರೆಂಟ್ ಇದ್ದಲ್ಲಿ ಮಿನುಗುವ ಒಂದು ಸಣ್ಣ ಟೆಸ್ಟ್ ಲ್ಯಾಂಪು ಎರವಲು ತಂದು ವೈರಿನುದ್ದಕ್ಕೂ ಚುಚ್ಚುತ್ತ ಹೋದ. ಎಲ್ಲೂ ಮಿಣುಕ್ ಎನ್ನಲಿಲ್ಲ.

ಊಟದ ಹೊತ್ತಿಗೆ ಅಣ್ಣನ ಬಾಯಿ ತೆರೆಯುತ್ತಿತ್ತು. ತೆಂಗಿನ ಹಾಲು ತುಂಬಿ ಬೇಯಿಸಿದ ಕೆಸುವಿನೆಲೆಯ ಪಲುಸಾಮಿ ಬಿಚ್ಚುತ್ತ ಶುರು ಮಾಡುತ್ತಿದ್ದ.

"ಏನಪ್ಪಾ ಇಂಜಿನಿಯರು, ಇವತ್ತು ಏನು ಕಂಡುಹಿಡಿದೆ?"

"ಹಿಂದಕ್ಕೆ ಕರೆಂಟೇ ಬರ್ತಿಲ್ಲ ಮಾವ. ಮುಂದಿನ ಹಗಲು ದೀಪಕ್ಕೂ ಬರ್ತಿಲ್ಲ."

"ಅದನ್ನ ಹೇಳೋಕೆ ಹದಿಮೂರು ದಿನ ಬೇಕಾಯ್ತು. ಹತ್ತಿಲ್ಲ ಅಂದ್ರೆ ಕರೆಂಟ್ ಬಂದಿಲ್ಲ ಅಂತ ನಮ್ಮವ್ವನೂ ಹೇಳ್ತಾಳೆ."

ನಮ್ಮವ್ವನಿಗೆ ಎಂಬತ್ಮೂರು. ಕಂಬಕ್ಕೆ ಒರಗಿ ಅರೆಗಣ್ಣು ಮುಚ್ಚಿಕೊಂಡೇ ಉಣ್ಣುತ್ತಾಳೆ. "ನನ್ನನ್ನ ಯಾಕೆ ಎಳೀತೀಯೋ," ಎಂದಳು. "ನನಗೆ ಇನ್ನೊಂದು ತುಂಡು ಮೀನು ಹಾಕ್ಸು."

"ಸೇಬು ಕೀಳೋಕೆ ಹೋಗ್ಲಿ ಬಿಡಿ," ಎಂದ ಅಣ್ಣ. "ಅಲ್ಲಿ ದೀಪ ಹತ್ತಿಸೋ ಕೆಲಸ ಇಲ್ಲ. ಕೈ ಚಾಚಿದ್ರೆ ಹಣ್ಣು."

ತಿರೇಸ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಎದ್ದುಹೋದಳು. ಪೊವಾಸನ ಬೀಸಣಿಗೆ ಮಾತ್ರ ನಿಲ್ಲಲಿಲ್ಲ.

ಮರುದಿನ ಕೆಸುವಿನ ಗೆಡ್ಡೆ ಕೆರೆಯುವಾಗ ನಾನೇ ಕೇಳಿದೆ. "ಎಲ್ಲ ನೋಡಿ ಆಯ್ತಾ? ಇನ್ನೇನೂ ಉಳಿದಿಲ್ವಾ?"

"ಬಾನೆಟ್ಟಿನ ಕೆಳಗಿರೋ ಫ್ಯೂಸ್ ಡಬ್ಬಿ ನೋಡ್ದೆ ಅತ್ತೆ, ಎಲ್ಲ ಸರಿಯಿದೆ. ಆದ್ರೆ ಈ ಗಾಡಿಗೆ ಒಳಗಡೆ ಇನ್ನೊಂದು ಡಬ್ಬಿ ಇರತ್ತೆ. ಸ್ಟೀರಿಂಗ್ ಕೆಳಗೆ, ಬಲ ಮೊಣಕಾಲಿನ ಹತ್ರ. ಅಲ್ಲಿ ಕೂತು ಬಗ್ಗಿ ನೋಡ್ಬೇಕು."

"ನೋಡು ಮತ್ತೆ."

ಅವನು ಕೆರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಮಾವ ಕೂರೋ ಜಾಗ ಅದು."

ಅಯ್ಯೋ ದೇವರೇ ಎಂದುಕೊಂಡೆ. ಆದರೆ ನಗುವ ಹಾಗಿರಲಿಲ್ಲ. ಮನೆಯ ಕಂಬಗಳಲ್ಲಿ ಒಂದು ಮನೆತನದ ಯಜಮಾನನಿಗೇ ಮೀಸಲು, ಅದರ ಬುಡದಲ್ಲಿ ಇನ್ನೊಬ್ಬ ಕೂರುವುದುಂಟೇ? ಕಾರು ಬಂದ ದಿನವೇ ಆ ಸೀಟೂ ಅಂಥದೇ ಆಗಿಬಿಟ್ಟಿತ್ತು. ಅಣ್ಣ ಕೂರು ಎಂದಿರಲಿಲ್ಲ, ಇವನು ಕೂತಿರಲಿಲ್ಲ. ಎರಡು ವಾರದಿಂದ ಗಾಡಿಯ ಸುತ್ತ ಸುತ್ತಿದ್ದನೇ ಹೊರತು ಆ ಬಾಗಿಲಿನೊಳಗೆ ತಲೆ ಹಾಕಿರಲಿಲ್ಲ.

"ಕೇಳಿ ನೋಡೋ."

"ಕೇಳಿದ್ರೆ, ಒಳಗೂ ನೀರು ಹೊಡೀಬೇಕಾ ಅಂತಾರೆ."

ಮೂರನೆಯ ವಾರದ ಸೋಮವಾರ ಅಣ್ಣ ಚರ್ಚಿನ ಹಿರಿಯರ ಸಭೆಗೆ ನಡೆದುಕೊಂಡೇ ಹೋಗಿದ್ದ. ಬಿಸಿಲು ಇಳಿಯುತ್ತಿತ್ತು. ತಿರೇಸ ಸುಮ್ಮನೆ ಹೋಗಿ ಕಾರಿನ ಬಾಗಿಲು ತೆಗೆದು ಅಪ್ಪನ ಸೀಟಿನಲ್ಲಿ ಕೂತಳು. ಮಗಳಿಗೆ ಯಾವ ಕಂಬ, ಯಾವ ಯಜಮಾನ.

"ಏಯ್, ಇಳಿ!" ಪೊವಾಸ ಗಾಬರಿಯಾದ.

"ಎಲ್ಲಿಗೆ ಹೋಗ್ಬೇಕು ಸ್ವಾಮಿ?" ಸ್ಟೀರಿಂಗ್ ಹಿಡಿದು ಕೇಳಿದಳು. "ದೋಣಿ ಕಟ್ಟೆಗಾ? ಆಸ್ಪತ್ರೆಗಾ? ಹತ್ತಿ. ಗರ್ಭಿಣಿಯರಿಗೆ ಅರ್ಧ ಬಾಡಿಗೆ."

ಅವನು ನಕ್ಕುಬಿಟ್ಟ. ಹೊರಗೆ ಕಿಟಕಿಗೆ ಮೊಣಕೈಯೂರಿ ನಿಂತ. ಅವಳು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸಿದಳು. ಬೆಟ್ಟದ ರಸ್ತೆ ಹತ್ತಿದಳು, ಮಂಜಿನೊಳಗೆ ಹೊಕ್ಕಳು, ಇಳಿದಳು, ಮಾರ್ಕೆಟ್ಟಿನ ಮುಂದೆ ನಿಲ್ಲಿಸಿ ಮಗುವಿಗೆ ಐಸ್‌ಕ್ರೀಮು ಕೊಂಡಳು. ಮಗು ಹಿಂದಿನ ಸೀಟಿನಲ್ಲಿ ಮಲಗಿದೆಯಂತೆ, ಮೆಲ್ಲಗೆ ಮಾತಾಡಬೇಕಂತೆ. ಇಬ್ಬರೂ ನಿಜವಾಗಿಯೂ ಪಿಸುಮಾತಿಗೆ ಇಳಿದರು. ನಿಂತ ಕಾರು ನಿಂತಲ್ಲೇ ಎಷ್ಟು ದೂರ ಹೋಗಿ ಬಂತೋ. ಕಂಬದ ಬಳಿ ಕೂತ ನನಗೂ ನಿದ್ದೆಯಲ್ಲಿ ಪ್ರಯಾಣ ಮಾಡಿದ ಹಾಗಾಯಿತು.

"ಬಲ ಮೊಣಕಾಲಿನ ಹತ್ರ ಒಂದು ಮುಚ್ಚಳ ಇದೆಯಾ?" ಪೊವಾಸನ ದನಿ ಬದಲಾಯಿತು.

"ಇದೆ. ತೆಗೀಲಾ?"

"ಉಗುರಲ್ಲಿ ಎಬ್ಬಿಸು. ಒಳಗೆ ಬಣ್ಣ ಬಣ್ಣದ ಚಿಕ್ಕ ಚಿಕ್ಕ ಫ್ಯೂಸು ಸಾಲಾಗಿ ಇರ್ಬೇಕು."

"ಇವೆ. ಆದ್ರೆ ಒಂದು ಜಾಗ ಖಾಲಿ. ಹಲ್ಲು ಬಿದ್ದ ಹಾಗೆ."

"ಮುಚ್ಚಳದ ಮೇಲೆ ಆ ಜಾಗಕ್ಕೆ ಏನು ಚಿತ್ರ ಬರೆದಿದೆ?"

"ದೀಪ."

ಪೊವಾಸ ಕಿಟಕಿಯಿಂದ ಮೊಣಕೈ ತೆಗೆದ. ಸುಟ್ಟುಹೋದ ಫ್ಯೂಸಾದರೆ ಅಲ್ಲೇ ಇರುತ್ತದೆ, ತಾನಾಗಿ ಎದ್ದು ಹೋಗುವುದಿಲ್ಲ. ಯಾರೋ ಕಿತ್ತಿದ್ದಾರೆ. ಆ ಸೀಟಿನಲ್ಲಿ ಕೂರುವವನು ಒಬ್ಬನೇ.

"ಯಾರಿಗೂ ಹೇಳ್ಬೇಡ," ಎಂದ. "ನಾಳೆ ಹೊಸದು ತಂದುಕೊಡ್ತೀನಿ, ನೀನೇ ಕೂರಿಸು. ಉಪ್ಪು ಕಚ್ಚಿತ್ತು, ಸರಿಹೋಯ್ತು ಅಂತೀನಿ."

"ಮೂರು ವಾರ ಬೈಸ್ಕೊಂಡು, ಈಗ ನೀನೇ ಸುಳ್ಳೂ ಹೇಳ್ತೀಯಾ?"

"ಅವರು ಮಾವ ಕಣೆ."

"ನನಗೆ ಅಪ್ಪ. ನಾನು ಕೇಳ್ತೀನಿ."

ಕೇಳಿಯೇ ಕೇಳಿದಳು. ಡಬ್ಬಿ ಮೀನಿನ ಸಾರು ಬಡಿಸಿ ಇನ್ನೂ ಸೌಟು ಕೆಳಗಿಟ್ಟಿರಲಿಲ್ಲ.

"ಅಪ್ಪ, ನಿಮ್ಮ ಸೀಟಿನ ಹತ್ರ ಒಂದು ಫ್ಯೂಸು ಇಲ್ಲ."

"ನಾನ್ಯಾಕೆ ತೆಗೀಲಿ?" ಎಂದ ಅಣ್ಣ.

"ನೀವು ತೆಗೆದ್ರಿ ಅಂತ ಯಾರಂದ್ರು?"

ಕಂಬದ ಬಳಿಯಿಂದ ನಮ್ಮವ್ವ ಕಣ್ಣು ಬಿಡದೆಯೇ ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

ಅಣ್ಣನ ಕಿವಿ ಕೆಂಪಾಯಿತು. ಚರ್ಚಿನಲ್ಲಿ ಹಿರಿಯನೆಂದು ಬಿಳಿ ಕೋಟು ತೊಟ್ಟು ಮೊದಲ ಸಾಲಿನಲ್ಲಿ ಕೂರುವವನು, ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಶಕ್ತಿ ಅವನಿಗಿಲ್ಲ. ಎದ್ದುಹೋಗಿ ತನ್ನ ಹಾಡಿನ ಪುಸ್ತಕ ತಂದ. ಅದರ ಬಟ್ಟೆಯ ಹೊದಿಕೆಯೊಳಗೆ ಬೆರಳು ಹಾಕಿ, ಬೆರಳಿನ ಉಗುರಿನಷ್ಟು ದೊಡ್ಡ ಕೆಂಪು ಫ್ಯೂಸನ್ನು ತೆಗೆದು ಚಾಪೆಯ ಮೇಲಿಟ್ಟ.

"ಇದನ್ನ ಪ್ರತಿ ಭಾನುವಾರ ಚರ್ಚಿಗೆ ಹೊತ್ಕೊಂಡು ಹೋಗ್ತಿದ್ಯಾ?" ಎಂದೆ.

"ಬಾಯಿ ಮುಚ್ಚೇ."

ಆಮೇಲೆ ತಾನೇ ಹೇಳಿದ. ಎರಡು ತಿಂಗಳ ಹಿಂದಿನ ಮಾತು. ಪಕ್ಕದೂರಿನಿಂದ ಬರುವಾಗ ಸಂಜೆಯ ಪ್ರಾರ್ಥನೆಯ ಶಂಖ ಊದಿತು. ಶಂಖ ಊದಿದ ಮೇಲೆ ನಮ್ಮೂರಿನಲ್ಲಿ ಗಾಡಿಯಿರಲಿ, ನಾಯಿಯೂ ಓಡಾಡುವಂತಿಲ್ಲ. ಪ್ರಾರ್ಥನೆ ಮುಗಿಯುವವರೆಗೆ ಕಾವಲಿನ ಹುಡುಗರು ಗಾಡಿಗಳನ್ನು ತಡೆದು ನಿಲ್ಲಿಸುವ ಜಾಗ ಇರುವುದು ಪಾದ್ರಿಯ ಮನೆಯೆದುರಿಗೆ, ರಸ್ತೆಯ ತಿರುವಿನಲ್ಲಿ.

"ದೊಡ್ಡ ದೀಪ ಆರಿಸ್ದೆ. ಆದ್ರೆ ಈ ಹಾಳು ಹಗಲು ದೀಪ ಆರಿಸೋಕೆ ಸ್ವಿಚ್ಚೇ ಇಲ್ಲ. ಎಂಜಿನ್ ಓಡೋವರೆಗೂ ಉರೀತಾನೇ ಇರತ್ತೆ. ನೆಟ್ಟಗೆ ಪಾದ್ರಿ ಮನೆ ಒಳಕ್ಕೆ ಹೊಡೀತು. ಮಕ್ಕಳು ಪ್ರಾರ್ಥನೆ ಬಿಟ್ಟು ತಿರುಗಿ ನೋಡಿದ್ವು. ಪಾದ್ರಿ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದ್ಲು. ಪಾದ್ರಿಗೆ ಮಾತೇ ಮರೆತುಹೋಯ್ತು ಕಣೆ, ದೇವರ ಮುಂದೆ! ಯಾರ ಗಾಡಿಯಿಂದ? ನನ್ನ ಗಾಡಿಯಿಂದ. ಮನೆಗೆ ಬಂದವನೇ ಇದನ್ನ ಕಿತ್ತೆ."

"ಎಂಜಿನ್ ಆಫ್ ಮಾಡ್ಬೇಕಿತ್ತು ಅಪ್ಪ."

ಅಣ್ಣ ಬಹಳ ಹೊತ್ತು ಸಾರು ಕಲಸಿದ. "ಆಫ್ ಮಾಡಿದ್ರೆ ಮತ್ತೆ ಹತ್ತಲ್ಲ. ಎಂಜಿನ್ ಬಿಸಿಯಾದ ಮೇಲೆ ಸೆಲ್ಫ್ ಹಿಡಿಯಲ್ಲ. ತಣ್ಣಗಾಗೋವರೆಗೆ ಕಾಯಬೇಕು, ಇಲ್ಲ ತಳ್ಳಬೇಕು. ತಂದ ವಾರದಿಂದಲೂ ಹಾಗೇ."

"ಯಾರಿಗೂ ಹೇಳಲೇ ಇಲ್ವಲ್ಲ!"

"ಹೇಗೆ ಹೇಳ್ಲಿ? ನಾನೇ ಆರಿಸಿ ತಂದ ಗಾಡಿ ಅಂತ ಹಂದಿ ಕೊಯ್ಸಿ ಊರಿಗೆಲ್ಲ ಊಟ ಹಾಕ್ಸಿದೀನಿ."

"ಅದೇ ಫ್ಯೂಸಲ್ಲಿ ಹಿಂದಿನ ದೀಪನೂ ಇತ್ತು," ಎಂದಳು ತಿರೇಸ. "ನೀವು ಕಿತ್ತಿದ್ದು. ಬೈಸ್ಕೊಂಡಿದ್ದು ಅವರು."

"ಹಿಂದಿನದೂ ಹೋಗತ್ತೆ ಅಂತ ಆಣೆಗೂ ನನಗೆ ಗೊತ್ತಿರ್ಲಿಲ್ಲ. ನನ್ನ ಗಾಡಿ ಹಿಂದೆ ನಾನು ಯಾವತ್ತು ನಿಂತಿದೀನಿ?"

ಫ್ಯೂಸನ್ನು ಪೊವಾಸನ ಕಡೆ ತಳ್ಳಿ, "ಹಾಕು ಹೋಗು," ಎಂದ. ಪೊವಾಸ ಅಲುಗಲಿಲ್ಲ. "ಕೂತ್ಕೊಂಡೇ ಹಾಕೋ! ನಿಂತ್ಕೊಂಡು ಹಾಕೋಕಾಗತ್ತಾ?"

ಹಾಕಿದ. ಎಂಜಿನ್ ಶುರು ಮಾಡಿ ದೀಪದ ಸ್ವಿಚ್ ಒತ್ತಿದೊಡನೆ ಮಬ್ಬಿನಲ್ಲಿ ಕಾರಿಗೆ ಹಿಂದೆಯೂ ಮುಂದೆಯೂ ಒಮ್ಮೆಲೇ ಬೆಳಕು ಬಂತು. ಬೇಲಿಯ ದಾಸವಾಳವೆಲ್ಲ ಹಿಂಬದಿಯ ಕೆಂಪಿನಲ್ಲಿ ಅದ್ದಿದಂತೆ ಕಂಡಿತು. ನಮ್ಮವ್ವ ಚಪ್ಪಾಳೆ ತಟ್ಟಿದಳು. ಆದರೆ ಅಣ್ಣನ ಮುಖ ಅರಳಲಿಲ್ಲ.

"ಸಂತೋಷಪಡ್ಬೇಡಿ. ಟ್ಯಾಕ್ಸಿ ಅಂದ್ರೆ ದಿನಾ ಸಂಜೆ ಆ ತಿರುವಲ್ಲಿ ನಿಲ್ಲತ್ತೆ. ದೀಪ ಬಿಟ್ಕೊಂಡು ನಿಂತ್ರೆ ಪಾಪ. ಆರಿಸಿ ನಿಂತ್ರೆ ಊರ ಮುಂದೆ ತಳ್ಳಾಟ. ಎರಡೂ ನನ್ನ ಹೆಸರಿಗೇ. ಗುರುವಾರ ಪಾಸಾಗ್ಲಿ, ಶನಿವಾರ ಮಾರಿಬಿಡ್ತೀನಿ. ಪಕ್ಕದೂರ ಅಂಗಡಿಯವನು ಕೇಳಿದಾನೆ."

"ಸೆಲ್ಫ್ ಬಿಚ್ಚಿ ಸರಿ ಮಾಡ್ತೀನಿ ಮಾವ. ಸಾಮಾನು ಸಿಕ್ಕಿದ್ರೆ ಹದಿನೈದು ದಿನ." ಮಾವನ ಮಾತಿಗೆ ಪೊವಾಸ ಎದುರು ಹೇಳಿದ್ದು ಅದೇ ಮೊದಲು.

"ಹದಿನೈದು ದಿನ ಯಾರು ತಳ್ತಾರೆ?"

ಆ ವಾರ ತಿರೇಸ ಅಪ್ಪನಿಗೆ ಬಡಿಸಲಿಲ್ಲ. ನಾನು ಬಡಿಸಿದೆ. ಪೊವಾಸನ ಚೀಲಕ್ಕೆ ಎರಡು ಸ್ವೆಟರು ತುಂಬಿದ್ದೂ ಕಂಡಿತು, ಯಾರೋ ಕೊಟ್ಟ ಹಳೆಯವು, ನಮ್ಮ ಸೆಕೆಯಲ್ಲಿ ನೋಡಿದರೇ ಬೆವರು ಬರುವಂಥವು. ಮಡಿಸಿಡುವಾಗ ಅವಳು ಅಳುತ್ತಿದ್ದಳು. ನಾನು ಕಾಣದವಳಂತೆ ಕೋಕೋ ಬೀಜ ಹುರಿಯುತ್ತ ಕೂತೆ.

ಗುರುವಾರ ಅಣ್ಣ, ಪೊವಾಸ, ನಾನು ಪಟ್ಟಣಕ್ಕೆ ಹೊರಟೆವು. ನನಗೆ ಹಿಟ್ಟು, ಸಕ್ಕರೆ ತರುವುದಿತ್ತು. ತಪಾಸಣೆಯವನು ಕಾರಿನ ಸುತ್ತ ಎರಡು ಸಲ ಬಂದು, "ಎಲ್ಲ ಹತ್ತಿದೆ," ಎಂದ. ಆಮೇಲೆ, "ಟ್ಯಾಕ್ಸಿ ಓಡಿಸೋರು ಯಾರು? ಅವರು ಕೂತು ಒಂದು ಸುತ್ತು ಹೊಡೆದು ತೋರಿಸ್ಬೇಕು," ಎಂದ. ಅಣ್ಣ ಇಳಿದ. ಪೊವಾಸ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಕೂತ. ಒಂದು ಸುತ್ತು ಬಂದು ನಿಲ್ಲಿಸಿ, ಎಂಜಿನ್ ಆರಿಸದೆ ಇಳಿಯಲು ಹೋದ. ಅಣ್ಣ ಆಗಲೇ ಆ ಕಡೆಯ ಬಾಗಿಲು ತೆಗೆದು ಎಡಗಡೆ ಕೂತಾಗಿತ್ತು. "ಹೊರಡು, ಹೊತ್ತಾಯ್ತು," ಎಂದನಷ್ಟೆ.

ಬೆಟ್ಟದ ಮೇಲೆ ಮಂಜು ಇಳಿದಿತ್ತು. ಜರಿಗಿಡಗಳು ಕಿಟಕಿಯವರೆಗೆ ಬಂದು ಹಿಂದೆ ಸರಿಯುತ್ತಿದ್ದವು. ಪೊವಾಸ ಮೊಟ್ಟೆ ಬುಟ್ಟಿ ಹೊತ್ತವನಂತೆ ಮೆಲ್ಲಗೆ ಓಡಿಸಿದ. ಇಳಿಜಾರಿನ ಕೊನೆಯಲ್ಲಿ ಕಡಲು ಕಂಡಾಗ ಆಕಾಶ ನೇರಳೆಗೆ ತಿರುಗಿತ್ತು, ಮನೆಮನೆಯ ಒಲೆ ಹೊಗೆ ತೆಂಗಿನ ತಲೆಗಳ ನಡುವೆ ತೇಲುತ್ತಿತ್ತು. ಊರ ಬಾಗಿಲು ದಾಟಿದೆವು, ಶಂಖ ಊದಿತು.

ಕಾವಲಿನ ಹುಡುಗ ಕೈ ಎತ್ತಿದ. ಅದೇ ತಿರುವು. ಪಾದ್ರಿಯ ಮನೆಯ ಕಂಬಗಳ ಮೇಲೆ ನಮ್ಮ ಬಿಳಿ ಬೆಳಕು ಬಿತ್ತು. ಒಳಗೆ ಮಕ್ಕಳು ಸಾಲಾಗಿ ಕಾಲು ಮಡಿಸಿ ಕೂರುತ್ತಿದ್ದರು.

ಪೊವಾಸನ ಕೈ ಕೀಲಿಯ ಮೇಲಿತ್ತು. "ಮಾವ?" ಎಂದ. ಉಸಿರಿನಷ್ಟೇ ಸದ್ದು. ಆರಿಸಿದರೆ ಮಾವನ ಮಾನ, ಆರಿಸದಿದ್ದರೆ ದೇವರ ಪ್ರಾರ್ಥನೆ.

ಅಣ್ಣ ತಾನೇ ಕೈ ಚಾಚಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು, ಬೆಳಕೆಲ್ಲ ಆರಿತು.

ಊರು ಹಾಡತೊಡಗಿತು. ಒಂದು ಮನೆಯ ಹಾಡು ಮುಗಿಯುವ ಮೊದಲೇ ಇನ್ನೊಂದು ಮನೆಯದು, ಗೋಡೆಗಳಿಲ್ಲದ ಊರಿನಲ್ಲಿ ಅವೆಲ್ಲ ಒಂದರೊಳಗೊಂದು ಸೇರಿಕೊಂಡು ರಸ್ತೆಯ ಮೇಲೆ ಹರಿದು ಬಂದವು. ನಾವೂ ತಲೆ ತಗ್ಗಿಸಿ ಕಾರಿನಲ್ಲೇ ಕೂತೆವು. ಅಣ್ಣನ ತುಟಿ ಅಲುಗುತ್ತಿತ್ತು. ಏನು ಬೇಡಿಕೊಂಡನೋ ನನಗೆ ತಿಳಿಯದು. ನಾನಂತೂ, ಇವತ್ತೊಂದು ದಿನ ಆ ಸೆಲ್ಫ್ ಹಿಡಿಯಲಪ್ಪಾ ತಂದೆ ಎಂದು ಬೇಡಿಕೊಂಡೆ.

ಪ್ರಾರ್ಥನೆ ಮುಗಿಯಿತೆಂದು ಮತ್ತೆ ಶಂಖ ಊದಿತು. ಪೊವಾಸ ದೀಪದ ಸ್ವಿಚ್ ಹಾಕಿ ಕೀಲಿ ತಿರುಗಿಸಿದ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದ. ಟಕ್. ಕಾವಲಿನ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಪಾದ್ರಿ ತಮ್ಮ ಮನೆಯ ಅಂಚಿಗೆ ಬಂದು ನಿಂತರು.

ಅಣ್ಣ ಬಾಗಿಲು ತೆಗೆದ.

"ಮಾವ, ನೀವು ಇಳೀಬೇಡಿ. ನಾನು ಇಳೀತೀನಿ, ನೀವು ಈ ಕಡೆ..."

"ಸೆಕೆಂಡ್ ಗೇರಿಗೆ ಹಾಕು. ಕ್ಲಚ್ ಒತ್ತಿ ಹಿಡ್ಕೋ. ಹೇಳಿದಾಗ ಬಿಡು."

ಪಟ್ಟಣಕ್ಕೆಂದು ಉಟ್ಟ ಬಿಳಿ ಪಂಚೆ, ಬಿಳಿ ಅಂಗಿ. ಕಾರಿನ ಹಿಂದೆ ಹೋಗಿ ನಿಂತ. ನಾನು ತಿರುಗಿ ಗಾಜಿನಿಂದ ನೋಡಿದೆ. ಎರಡು ಕೆಂಪು ದೀಪಗಳ ನಡುವೆ ಅಂಗೈಯೂರಿ ಬಗ್ಗಿದ್ದ, ಮುಖವೆಲ್ಲ ಕೆಂಪಾಗಿತ್ತು.

"ಫಿಲೆಮೋನಿಯವರೇ," ಪಾದ್ರಿ ಕೂಗಿ ಕೇಳಿದರು, "ಇದು ನಿಮ್ಮ ಗಾಡಿ ಅಲ್ವಾ?"

"ಅಳಿಯಂದು," ಎಂದ ಅಣ್ಣ. ಊರೆಲ್ಲ ಕೇಳಿಸಿಕೊಂಡಿತು. "ನಮ್ಮ ಪೊವಾಸಂದು. ಟ್ಯಾಕ್ಸಿ. ಬನ್ನಿ, ಒಂದು ಕೈ ಹಾಕಿ."

ಪಾದ್ರಿ ಮೆಟ್ಟಿಲಿಳಿದರು. ಕಾವಲಿನ ಹುಡುಗರು ಓಡಿ ಬಂದರು. ಕಾರು ಒಮ್ಮೆ ಮುಗ್ಗರಿಸಿ ಗುರ್ ಎಂದು ಹತ್ತಿಕೊಂಡಿತು. ಪೊವಾಸ ನಿಲ್ಲಿಸಲಿಲ್ಲ, ನಿಲ್ಲಿಸುವ ಧೈರ್ಯವಿರಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಸ್ಟೀರಿಂಗ್‌ನಿಂದ ಕೈ ತೆಗೆಯಲಿಲ್ಲ. ಹಿಂದೆ ಅಣ್ಣ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, ಹೋಗು ಹೋಗು ಎಂದು ಕೈ ಬೀಸುತ್ತಿದ್ದ.